ಅಂಗಳದಲ್ಲಿ ತೆಗೆದ ಹಾಳೆಟೊಪ್ಪಿ

"ಬಗ್ಗ್... ತಲಿ ಕೊಡ್."

ಕುದುರೆ ಮೇಲಿದ್ದ ಐತ ಬಗ್ಗಿದ. ಜಲಜ ಟೊಪ್ಪಿ ತೊಡಿಸಿ, ಅವನ ಗಲ್ಲದ ಕೆಳಗೆ ದಾರ ಬಿಗಿದಳು. ಎರಡು ಅಡಿಕೆಹಾಳೆಗಳ ನಡುವೆ ತೆಂಗಿನ ನಾರು ತುಂಬಿ ಅವಳೇ ಹೊಲಿದ ಟೊಪ್ಪಿ. ಹಿಂದಿನ ದಿನ ಅವಳ ಮನೆಯೆದುರೇ ಕುದುರೆ ಅವನನ್ನು ಕೆಡವಿತ್ತು.

"ಮತ್ತೆ ಬಿದ್ರೂ ತಲಿ ಒಡೂದಿಲ್ಲ" ಎಂದಳು. ಬೆರಳು ಕುತ್ತಿಗೆಗೆ ತಾಗಿತು... ತಟ್ಟನೆ ತೆಗೆಯಲಿಲ್ಲ.

ಮಹಾಯುದ್ಧ ಮುಗಿದ ವರ್ಷ ಅದು. ಕೊಕ್ಕರ್ಣೆಯ ಒಡೆಯರು ಸೇನೆಯ ಪಲ್ಟನ್ನಿನವರು ಮಾರಿದ ಪುಂಡ ಕುದುರೆ ತಂದಿದ್ದರು. ಪಳಗಿಸುವ ಕೆಲಸ ಆಳು ಐತನದು. ಮೂಳೆ ಮುರಿದರೆ ಅದೂ ಅವನದೇ.

ವಾರ ಕಳೆದು ಜಲಜ ಒಡೆಯರ ಅಂಗಳದ ಗೋಡೆಯಾಚೆಯಿಂದ ಇಣುಕಿದಳು. ಐತ ಬರಿದಲೆಯಲ್ಲಿ ಸವಾರಿ ಮಾಡುತ್ತಿದ್ದ. ಟೊಪ್ಪಿ ಸೊಂಟದಲ್ಲಿ ನೇತಾಡುತ್ತಿತ್ತು.

ಸಂಜೆ ಅವನ ದಾರಿಗೆ ಅಡ್ಡ ನಿಂತಳು.

"ನಾ ಹೊಲ್ದದ್ದ್ ಹಾಯ್ಕಂಬುಕೆ ನಾಚ್ಕಿಯಾ? ಬಿದ್ ಸಾಯಿ. ನಾ ಕಾಂಬುಕೂ ಬಪ್ಪುದಿಲ್ಲ."

ಐತ ತಲೆ ತಗ್ಗಿಸಿ ಹೋದ.

ಮರುದಿನವೇ ಬಿದ್ದ. ತಲೆ ಮೆಟ್ಟಿಲ ಕಲ್ಲಿಗೆ ಬಡಿಯಿತು. ಒಡೆಯರು ಜಗಲಿಯಿಂದಿಳಿದು ಬಂದು ಮೊದಲು ಕೇಳಿದ್ದು, "ಕುದುರಿ ಕಾಲಿಗೆ ಎಂತಾರೂ ಆಯ್ತಾ?"

ಅಂಗಳ ಗುಡಿಸುವ ಬೆಳ್ಳಿ ಅದನ್ನು ಜಲಜಳಿಗೆ ಹೇಳಿದಳು. ಇನ್ನೂ ಒಂದು ಹೇಳಿದಳು. "'ನನ್ನಂಗಳದಲ್ ಆಳಿನ ತಲಿ ಮೇಲ್ ಟೊಪ್ಪಿಯಾ, ತೆಗಿ' ಅಂತಿದ್ರ್ ಒಡೇರ್. ದಿನಾ ಹಾಂಗೇ."

ಜಲಜಳ ಎದೆ ಒಡೆದುಹೋಯಿತು. ಬಿದ್ದು ಸಾಯಿ ಅಂದದ್ದು ನಾನೇ ಅಲ್ಲವೇ...

ಐತ ಸಾಯಲಿಲ್ಲ. ತಲೆಗೆ ಬಿದ್ದ ಪೆಟ್ಟಿಗೆ ಎರಡೂ ಕಣ್ಣು ಹೋದವು, ಜೊತೆಗೆ ಕೆಲಸವೂ.

"ನಂಗೊಂದ್ ಮಾತ್ ಹೇಳೂಕಾಗ್ಲಿಲ್ಯಾ?" ಅವನ ಚಾಪೆಯ ಪಕ್ಕ ಕೂತು ಅತ್ತಳು.

"ನಿನ್ ಟೊಪ್ಪಿನ ಅವ್ರೆದ್ರ್ ತೆಗ್ದೆ ಅಂದೇಳಿ ಯಾವ ಬಾಯಂಗ್ ಹೇಳೂದ್, ಜಲಜ?" ಅವನ ಕೈ ಅವಳನ್ನು ತಡಕಿತು. "ನಿನ್ ಮೇಲ್ ಜೀವ ಇತ್ತ್ ನಂಗೆ. ಈಗ ಹೇಳಿ ಎಂತ? ಕುರುಡ್ನ ಕಟ್ಕಂಡ್ ಎಂತ ಮಾಡ್ತಿ?"

"ಕಟ್ಕಂತೆ. ಅಷ್ಟೇ."

ಮದುವೆಯಾದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಬ್ರಹ್ಮಾವರದ ದಾರಿ ಹಿಡಿದಿದ್ದರು. ಎದುರಿನಿಂದ ಗೊರಸಿನ ಸದ್ದು ಬಂತು. ಐತ ಪಳಗಿಸಿದ ಕುದುರೆ ಒಡೆಯರನ್ನು ಹೊತ್ತು ಸಾಧುವಾಗಿ ನಡೆಯುತ್ತಿತ್ತು. ಒಡೆಯರ ತಲೆಯ ಮೇಲೆ ಮಂಗಳೂರಿನಿಂದ ತರಿಸಿದ ಗಟ್ಟಿ ಸವಾರಿ ಟೊಪ್ಪಿ.

ಐತನ ಕೈ ತಾನಾಗಿ ತಲೆಯ ಮೇಲಿದ್ದ ಅದೇ ಹಾಳೆಟೊಪ್ಪಿಗೆ ಹೋಯಿತು. ಜಲಜ ಆ ಕೈ ಹಿಡಿದಳು.

"ಬಿಡ್. ಒಡೇರ್ ಬತ್ತಿದ್ರ್."

"ಬರ್ಲಿ. ತೆಗೂದ್ ಬ್ಯಾಡ."

ಒಡೆಯರು ಲಗಾಮು ಜಗ್ಗಿ ನಿಂತರು. ಜಲಜ ಅವರತ್ತ ನೋಡಲೇ ಇಲ್ಲ. ಗಂಡನ ಗಲ್ಲದ ಕೆಳಗಿನ ದಾರಕ್ಕೆ ಕೈಯಿಟ್ಟಳು.

"ಬಿಗಿ ಆಯ್ತಾ?"

ಐತ ಕೈ ಇಳಿಸಿ ಗಲ್ಲ ಎತ್ತಿದ.

"ಇಲ್ಲ... ಇನ್ನೊಂಚೂರ್ ಬಿಗಿ."