ನಾಲ್ಕು ಬೆರಳಗಲದ ಅಂಚು

"ನಮ್ಮಮ್ಮನ ಕಾಲೆಲ್ಲಿ?"

ಫ್ರೇಮ್ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಕೂಗಿದಳು. ಗಾಜು ಒರೆಸುತ್ತಿದ್ದವನು ತಿರುಗಿದ. ಅವಳ ದನಿ ಕೇಳಿದೊಡನೆ ಅವನ ಮುಖ ಅರಳುವ ರೀತಿ ಬೇರೆ ದಿನ ಅವಳಿಗೆ ಇಷ್ಟವಾಗುತ್ತಿತ್ತು. ಇವತ್ತು ಆ ಮುಖ ಕಂಡೇ ಮೈ ಉರಿಯಿತು.

"ಯಾರ ಕಾಲು?"

"ಇದು!" ಅವಳು ಚಿತ್ರವನ್ನು ಮೇಜಿನ ಮೇಲೆ ಇಟ್ಟಳು, ಇಟ್ಟಳೆನ್ನುವುದಕ್ಕಿಂತ ಕುಕ್ಕಿದಳು. ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಾಳೆ. ಪೆಡಲ್ ತುಳಿಯುವ ಎರಡು ಪಾದ ಇರಬೇಕಾದ ಜಾಗದಲ್ಲಿ ಫ್ರೇಮಿನ ಮರ ಬಂದು ಕೂತಿದೆ. "ಐದು ಗಂಟೆಗೆ ಪ್ರದರ್ಶನಕ್ಕೆ ಕೊಡೋ ಕೊನೇ ಟೈಮು. ಅಲ್ಲಿ ಮೆಟ್ಟಿಲ ಮೇಲೆ ಪೇಪರ್ ಬಿಚ್ಚಿ ನೋಡ್ತೀನಿ, ಕಣಕಾಲಿಗೇ ಖಲಾಸ್!"

ಅವನು ಚಿತ್ರವನ್ನೇ ನೋಡಿದ. ಮುಖದ ಬಣ್ಣ ಇಳಿಯಿತು.

ತಪ್ಪು ಆದದ್ದು ಹೀಗೆ. ಅವಳ ದೊಡ್ಡಪ್ಪ ಹೋಟೆಲ್ ರೂಮುಗಳಿಗೆ ಚಿತ್ರ ಒದಗಿಸುವವರು. ಅದೇ ದೋಣಿ, ಅದೇ ಸಂಜೆ, ವರ್ಷಕ್ಕೆ ನೂರಾರು. ಆರು ವರ್ಷದಿಂದ ಬಿಡಿಸುತ್ತಿರುವವಳು ಇವಳು, ಮೂಲೆಯಲ್ಲಿ ಸಹಿ ಮಾತ್ರ ದೊಡ್ಡಪ್ಪನದು. ಪ್ರತಿ ಕ್ಯಾನ್ವಾಸಿನ ಕೆಳಗೆ ನಾಲ್ಕು ಬೆರಳಗಲ ಬಿಟ್ಟು, ಅಲ್ಲಿ ಬ್ರಶ್ ಒರೆಸಿ ಬಣ್ಣ ನೋಡುವುದು ಅವರ ಸ್ಟುಡಿಯೋದ ರೂಢಿ. ಆ ಅಂಚು ಕತ್ತರಿಸಿ ಫ್ರೇಮ್ ಕೂರಿಸುವುದು ಇವನ ರೂಢಿ. ಅಮ್ಮನ ಚಿತ್ರ ಅವಳು ಭಾನುವಾರಗಳಲ್ಲಿ ಮನೆಯಲ್ಲಿ ಕೂತು ಬಿಡಿಸಿದ ಮೊದಲ ಸ್ವಂತದ್ದು, ಅದಕ್ಕೆ ಅಂಚು ಬಿಡದೆ ಕೆಳತುದಿಯವರೆಗೂ ಬಿಡಿಸಿದ್ದಳು. ಇದು ಪ್ರದರ್ಶನಕ್ಕೆ ಆಯ್ಕೆಯಾದರೆ ದೋಣಿ ಬಿಡಿಸೋದು ಬಿಡ್ತೀನಿ ಎಂದು ದೊಡ್ಡಪ್ಪನಿಗೆ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದಳು. ಹೇಳಿದವಳೇ ಅದನ್ನು ದೋಣಿಗಳ ಜೊತೆ ಒಂದೇ ಗಾಡಿಯಲ್ಲಿ ಇವನ ಅಂಗಡಿಗೆ ಕಳಿಸಿದ್ದಳು.

"ಹೇಳಿ ಕಳಿಸ್ಬಹುದಿತ್ತಲ್ಲ ನೀವು" ಎಂದ ಮೆಲ್ಲಗೆ.

"ಹೇಳ್ದೇನೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ! ಅಂಚು ನೋಡಿ 'ಇವತ್ತು ಯಾರ ಜೊತೆ ಜಗಳ? ಬರೀ ಕೆಂಪು' ಅಂತ ರೇಗಿಸೋರು ನೀವೇ ತಾನೇ? ಲೋಕದಲ್ಲಿ ಒಬ್ಬರಿಗಾದ್ರೂ ನನ್ನ ಕೈ ಗೊತ್ತು ಅಂತ ನಂಬಿದ್ದೆ."

ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನಿಗೂ ಸಿಟ್ಟು ಬಂತು. "ಗೊತ್ತು. ಅದಕ್ಕೇ ಕತ್ತರಿಸ್ದೆ. ಮೇಲಿನದು ನೋಡಿದ್ರೆ ನಿಮ್ಮದು ಅಂತ ಅನ್ನಿಸ್ಲೇ ಇಲ್ಲ. ನಿಮ್ಮ ದೊಡ್ಡಪ್ಪ ಈ ಸಲ ದೋಣಿ ಬಿಟ್ಟು ಹೆಂಗಸನ್ನ ಬರೆಸಿದಾರೆ ಅಂದ್ಕೊಂಡೆ."

ಕೆನ್ನೆಗೆ ಬಾರಿಸಿದಂತಾಯಿತು. ಅವನನ್ನು ಬಾಯಿಗೆ ಬಂದಂತೆ ಬೈಯಬೇಕೆಂದು ಬಾಯಿ ತೆರೆದಳು. ಕಣ್ಣು ಮಾತ್ರ ಚಿತ್ರದ ಮೇಲೆ ಹೋಯಿತು. ಎಡಗಡೆಯಿಂದ ಬೀಳುವ ಜೇನು ಬಣ್ಣದ ಬೆಳಕು. ನೆರಳಿಗೆಲ್ಲ ಒಂದೇ ಕಂದು. ಅಮ್ಮನ ಕೆನ್ನೆಯನ್ನು ದೋಣಿಯ ಹೊಟ್ಟೆಯಂತೆಯೇ ನುಣ್ಣಗೆ ತೀಡಿದ್ದಳು. ಹಾಳಾದವನು ನಿಜ ಹೇಳುತ್ತಿದ್ದ.

ಅವನು ಒಳಗೆ ಹೋಗಿ ಕತ್ತರಿಸಿದ ಪಟ್ಟಿ ತಂದು ಅವಳ ಮುಂದೆ ಹಾಸಿದ. "ಇಲ್ಲಿ ಪಾದ ಇದೆ ಅಂತ ನಾನು ನೋಡ್ಲಿಲ್ಲ, ಬಣ್ಣ ಅಷ್ಟೇ ನೋಡ್ದೆ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಇದು ನಿಮ್ಮದು ಅಂತ ಕಣ್ಣು ಮುಚ್ಕೊಂಡೂ ಹೇಳ್ತೀನಿ."

ಹಸಿರು ನರಗಳ ಪಾದ. ಇಟ್ಟಿಗೆ ಬಣ್ಣದ ಒಡೆದ ಹಿಮ್ಮಡಿ. ಕೊನೆಯ ಭಾನುವಾರ, ಕೆಲಸ ಬಿಡ್ತೀಯಾ, ತಲೆ ಕೆಟ್ಟಿದೆಯಾ ಎಂದು ಅಮ್ಮ ಕಿರುಚುತ್ತ ಪೆಡಲ್ ತುಳಿಯುವಾಗ, ಇವಳೂ ತಿರುಗಿ ಕಿರುಚುತ್ತ ಬಳಿದದ್ದು. ದೊಡ್ಡಪ್ಪ ಹೇಳಿಕೊಟ್ಟದ್ದೊಂದೂ ಆ ಹೊತ್ತಿನಲ್ಲಿ ನೆನಪಿರಲಿಲ್ಲ. ಮನೆ ನಡೆಸಿದ ಆ ಕಾಲುಗಳು ಈಗಲೂ ತುಳಿಯುತ್ತಿರುವಂತಿದ್ದವು. ಅವಳು ಆ ಹಿಮ್ಮಡಿಯ ಮೇಲೆ ಬೆರಳಾಡಿಸಿದಳು.

"ಇನ್ನೂ ಟೈಮ್ ಇದೆ. ಹಿಂದಿನಿಂದ ಅಂಟಿಸಿ ಕೊಡ್ತೀನಿ. ಗೀರು ಕಾಣಲ್ಲ."

"ಬೇಡ." ಅವಳು ಫೋನ್ ತೆಗೆದಳು. "ದೊಡ್ಡಪ್ಪ, ನಾಳೆಯಿಂದ ನಾನು ಬರಲ್ಲ."

"ಆಯ್ಕೆ ಆಯ್ತೇನಮ್ಮ?"

"ಇಲ್ಲ. ಕೊಡ್ಲೇ ಇಲ್ಲ. ಅದೂ ನಿಮ್ಮದೇ ಚಿತ್ರ ದೊಡ್ಡಪ್ಪ, ನಂದಲ್ಲ." ಆ ಕಡೆಯಿಂದ ಬಂದ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು, ಇಡ್ತೀನಿ ಎಂದು ಇಟ್ಟಳು.

ಅವನು ಸ್ಟೂಲ್ ಎಳೆದು ಹಾಕಿದ. "ನಿಮ್ಮ ಅಂಚುಗಳನ್ನ ನಾನು ಯಾವತ್ತೂ ಎಸೆದಿಲ್ಲ. ದೋಣಿ ಯಾರಿಗೆ ಬೇಕು? ಗಾಡಿ ಬಂದ್ರೆ ಮೊದಲು ಅಂಚು ನೋಡ್ತಿದ್ದೆ, ನೀವು ಹೇಗಿದೀರಿ ಅಂತ. ಆರು ವರ್ಷದಿಂದ ನಿಮ್ಮನ್ನ ಇಷ್ಟಪಡ್ತಿದೀನಿ."

"ಇದನ್ನ ಈಗ ಹೇಳ್ತೀರಾ? ನಮ್ಮಮ್ಮನ ಕಾಲು ಕತ್ತರಿಸಿದ ಮೇಲೆ?"

"ಇದಕ್ಕಿಂತ ಕೆಟ್ಟ ಟೈಮ್ ಸಿಗ್ಲಿಲ್ಲ."

ನಗು ಬಂತು. ಅದನ್ನು ಹಲ್ಲು ಕಚ್ಚಿ ತಡೆದಳು. ನೋಡಬಾರದೆಂದುಕೊಂಡೇ ಅವನನ್ನು ನೋಡಿದಳು. ಹುಬ್ಬಿಗಂಟಿದ ಮರದ ಪುಡಿ, ಹೆದರಿದ ಕಣ್ಣು, ಹೆದರಿದರೂ ತಗ್ಗದ ಗದ್ದ. ಆ ಗದ್ದದ ಕೆಳಗಿನ ನೆರಳು ಕಂದಲ್ಲ, ನೀಲಿ. ಇಷ್ಟು ವರ್ಷ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

"ಒಂದು ಕ್ಯಾನ್ವಾಸ್ ಕೊಡಿ. ದೊಡ್ಡದು."

"ಕ್ಷಮಿಸಿದ್ರಾ ಹಾಗಾದ್ರೆ?"

"ಇಲ್ಲ. ನನಗೆ ನಿಮ್ಮ ಮೇಲೆ ಕೆಂಡದಂಥ ಕೋಪ ಇದೆ. ಅದು ಇಳಿಯೋದ್ರೊಳಗೆ ನಿಮ್ಮನ್ನ ಬಿಡಿಸ್ಬೇಕು. ಕೂತ್ಕೊಳ್ಳಿ."

ಅವನು ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು ಕೂತ. "ಎಷ್ಟು ಹೊತ್ತಾಗುತ್ತೆ?"

"ಗೊತ್ತಿಲ್ಲ. ಅಷ್ಟು ಬೇಗ ಇಳಿಯೋ ಕೋಪ ಅಲ್ಲ ಇದು. ವರ್ಷಗಟ್ಟಲೆ ಬೇಕಾಗ್ಬಹುದು."

"ಇರ್ತೀನಿ" ಎಂದ.

"ಅಲ್ಲಾಡ್ಬೇಡ" ಎಂದಳು ಅವಳು, ಮೊದಲ ಸಲ ಏಕವಚನದಲ್ಲಿ, ಚೀಲದಿಂದ ತೆಗೆದ ಕೆಂಪು ಬಣ್ಣದ ಟ್ಯೂಬಿನ ಮುಚ್ಚಳ ತಿರುಗಿಸುತ್ತ.