ಮುಳುಗಿದ ಮೇಲೂ ಕಾಣುವ ಸೂರ್ಯ

ಕಾರ್ತಿಕದ ಶೇಂಗಾ ಸುಗ್ಗಿ. ಕಿತ್ತ ಗಿಡಗಳ ರಾಶಿಯ ಸುತ್ತ ಕುಳಿತು ಕಾಯಿ ಬಿಡಿಸುತ್ತಿದ್ದ ಹೆಂಗಸರು ಸಂಜೆಯ ಬುತ್ತಿ ಬಿಚ್ಚಿದ್ದರು. ಬಸದಿಯ ಮಾಳಿಗೆಯ ಮೇಲೆ ಅಂದೇ ಕೂರಿಸಿದ್ದ ‘ನಿಜಸೂರ್ಯ ಯಂತ್ರ’ ಗಂಟೆ ಬಾರಿಸಿದಾಗ ಜಿನ್ನವ್ವನ ಕೈಯಲ್ಲಿ ರೊಟ್ಟಿಯ ಕಡೆಯ ಚೂರಿತ್ತು. ಪಡುವಣದಲ್ಲಿ ಸೂರ್ಯ ಇನ್ನೂ ಇಡಿಯಾಗಿ, ಕೆಂಪಗೆ, ನೆಲಕ್ಕೆ ತಾಗಿ ನಿಂತಿದ್ದ.

ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ವ್ರತ ಹಿಡಿದ ಜೈನರಿಗೆ ಮೋಡದ ದಿನಗಳಲ್ಲಿ ನೆರವಾಗಲೆಂದು ವಿಜ್ಞಾನಿ ಸುವ್ರತಾ ಮಗದುಮ್ ಆ ಯಂತ್ರವನ್ನು ತಂದಿದ್ದಳು. ಇಳಿದುಕೊಂಡಿದ್ದು ಜಿನ್ನವ್ವನ ಮನೆಯಲ್ಲೇ; ಈಗ ಅವಳೊಂದಿಗೆ ಹೊಲದಲ್ಲೇ ಇದ್ದಳು.

“ಏ ಬಾಯಿ, ನಿನ್ನ ಯಂತ್ರಕ್ಕ ಕಣ್ಣಿಲ್ಲೇನು? ಅಗೋ ಸೂರ್ಯಾ!” ಎಂದಳು ಜಿನ್ನವ್ವ.

“ಅದು ಸೂರ್ಯ ಅಲ್ಲ ಆಯಿ, ಬರೇ ಬಿಂಬ. ಸೂರ್ಯ ಆಗಲೇ ಇಳಿದಾನ.”

ಪಕ್ಕದ ಸಾವಂತ್ರೆವ್ವ ನಕ್ಕಳು. “ನನಗ ಗೊತ್ತೈತಿ. ಬೆಳಕು ಬರಾಕ ಎಂಟು ನಿಮಿಷ ಹಿಡಿತೈತಿ ಅಂತ ಸಾಲ್ಯಾಗ ಹೇಳ್ಯಾರ. ಎಂಟು ನಿಮಿಷದ ಹಿಂದನ ಮುಳುಗ್ಯಾನ.”

“ಎಲ್ಲಾರೂ ಹಂಗ ತಿಳೀತಾರ. ಸೂರ್ಯ ಓಡಂಗಿಲ್ಲ ಅಕ್ಕಾ, ತಿರುಗೋದು ಭೂಮಿ. ಎಂಟು ನಿಮಿಷದ ಹಿಂದೆ ಹೊಂಟ ಬೆಳಕೂ ಅವನಿರೋ ದಿಕ್ಕಿನಿಂದನ ಬರತೈತಿ. ಮೋಸ ಮಾಡೋದು ಗಾಳಿ.”

ದಿಗಂತದ ಬಳಿ ಬೆಳಕು ದಟ್ಟ ಗಾಳಿಯಲ್ಲಿ ಹಾಯುತ್ತ ಬಾಗುತ್ತದೆ. ಈ ವಕ್ರೀಭವನದಿಂದ ಸೂರ್ಯ ತನ್ನ ಮೈಯಗಲದಷ್ಟು ಮೇಲಿದ್ದಂತೆ ಕಾಣುತ್ತಾನೆ. ನಿಜವಾಗಿ ಮುಳುಗಿ ಎರಡೂಕಾಲು ನಿಮಿಷವಾದ ಮೇಲೆಯೇ ಕಣ್ಣಿಗೆ ಮರೆಯಾಗುತ್ತಾನೆ ಎಂದು ಸುವ್ರತಾ ತಿಳಿಸಿ ಹೇಳಿದಳು.

ಜಿನ್ನವ್ವ ಚೂರನ್ನು ಬುತ್ತಿಗೆ ಹಾಕಿದಳು. “ಮದಿವ್ಯಾದ ವರ್ಷ ಹಿಡಿದ ವ್ರತ. ಐವತ್ತು ವರ್ಷ ದಿನಾ ಕಡೀ ತುತ್ತು ಅವನ ಕೂಡನ ಇಳಿಸೀನಿ. ದಿನದ ಎರಡೂಕಾಲು ನಿಮಿಷ ಎಲ್ಲಾ ಕೂಡಿದ್ರ ಎಷ್ಟಾತು?”

ಸುವ್ರತಾ ಲೆಕ್ಕದ ಹುಕಿಯಲ್ಲಿ ಹೇಳಿಬಿಟ್ಟಳು: “ಇಪ್ಪತ್ತೆಂಟು ದಿನ, ಚಿಲ್ಲರೆ.”

ಮರುದಿನದಿಂದ ಜಿನ್ನವ್ವನಿಗೆ ಬರೀ ನೀರು. ದಿನಕ್ಕೊಂದರಂತೆ ಇಪ್ಪತ್ತೆಂಟು ಪ್ರಾಯಶ್ಚಿತ್ತದ ಉಪವಾಸ ಮಾಡಿಯೇ ತೀರುತ್ತೇನೆಂದಳು. ಸಕ್ಕರೆ ಕಾಯಿಲೆಯ ಮೈ, ಗುಳಿಗೆಯನ್ನೂ ದೂರವಿಟ್ಟಳು. ಸುವ್ರತಾ ಹೊಲ, ಬಸದಿ, ಮನೆ ಎಂದು ಸುತ್ತಿದಳು, ಕೂತಲ್ಲಿ ಕೂರಲಾರದೆ. ಮೂರನೆಯ ದಿನ ಹೋಗಿ ಗಂಟೆಯ ತಂತಿ ಕಿತ್ತುಬಂದಳು. ನಾಲ್ಕನೆಯ ದಿನ ಮುದುಕಿ ಕಣದಲ್ಲಿ ತತ್ತರಿಸಿ ಕುಸಿದು ಕೂತಳು.

“ಆಯಿ, ಗಾಳಿ ಬಿಸಿಯಾದಂಗ ಬೆಳಕು ಬಾಗೋದೂ ಬದಲಾಗತೈತಿ; ದಿಗಂತದ ಆಚಿ ಎಷ್ಟು ಬಿಸಿ ಐತೋ ಯಂತ್ರಕ್ಕ ಗೊತ್ತಿಲ್ಲ. ಆ ಎರಡೂಕಾಲು ಬರೇ ಅಂದಾಜು.”

“ಅಂದಾಜಿಗೆ ಗಂಟಿ ಯಾಕ ಹೊಡಿಸಿದಿ?”

ಅಂದು ಸುವ್ರತಾಳೂ ತಟ್ಟೆ ಮುಟ್ಟಲಿಲ್ಲ.

“ನಿನಗೇನಾತು?”

“ಲೆಕ್ಕ ಹೇಳಿದಾಕಿ ನಾನು. ನೀವು ಉಣ್ಣೂ ತನಕ ನನಗೂ ಬ್ಯಾಡ.”

ಐದನೆಯ ದಿನ ಬಿಸಿಲೇರುವ ಹೊತ್ತಿಗೆ ಸುವ್ರತಾಳ ಮುಖ ಬಾಡಿತ್ತು. ಜಿನ್ನವ್ವ ಒಲೆಯ ಮುಂದೆ ದೊಪ್ಪನೆ ಕೂತು ಗಂಜಿಗಿಟ್ಟಳು. “ಮನಿಗೆ ಬಂದಾಕಿನ್ನ ಹಸಿವಿಗೆ ಕೆಡವಿದ ಪಾಪ ಯಾವ ಯಂತ್ರದಾಗ ಅಳೀತಿ? ಉಣ್ಣು.”

ಇಬ್ಬರೂ ಉಂಡರು. ಜಿನ್ನವ್ವ ಗುಳಿಗೆ ಕೇಳಿ ಇಸಿದುಕೊಂಡಳು.

“ನಾಕು ತೀರಿದುವು. ಉಳಿದ ಇಪ್ಪತ್ನಾಕು, ವರ್ಷಕ್ಕೊಂದರಂಗ ಕಾರ್ತಿಕದಾಗ ತೀರಸ್ತೀನಿ. ಪ್ರತಿ ಸಲ ನೀನ ಬಂದು ಉಪಾಸ ಬಿಡಿಸಿ ಪಾರಣಿ ಮಾಡಿಸಬೇಕು, ತಪ್ಪಂಗಿಲ್ಲ.”

ಜಿನ್ನವ್ವನಿಗೆ ಆಗ ಎಪ್ಪತ್ತೆರಡು ವರ್ಷ.