ಬಟ್ಟೆಗೊಂಬೆಯ ಏಲಂ

ಸತ್ತ ಮಗುವಿನ ಆಟಿಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಹೊಳೆಗೆ ಬಿಡುವುದು ನಮ್ಮ ಮನೆಯ ಕ್ರಮ. ಹಿರಿಯ ಮಗ ವಾಮನ ಎಳವೆಯಲ್ಲೇ ತೀರಿಕೊಂಡಾಗ ಅವನ ಮರದ ಬಂಡಿಯನ್ನು ಬಂಟ್ವಾಳದಲ್ಲಿ ನಾನೇ ನೇತ್ರಾವತಿಗೆ ಬಿಟ್ಟಿದ್ದೆ.

ಮೊನ್ನೆ ಸೊಸೆ ಸುಪ್ರೀತಾ ಮಗಳು ಸಾತ್ವಿಕಾಳಿಗೆಂದು ಮೊಬೈಲಿನಲ್ಲಿ ಹಳೆಯ ಆಟಿಕೆಗಳ ಏಲಂ ನೋಡುತ್ತಿದ್ದಾಗ ಅದೇ ಬಂಡಿ ಬಂತು. ಮುರಿದ ಚಕ್ರದ ಜಾಗದಲ್ಲಿ ನಾನು ಕಟ್ಟಿದ್ದ ತೆಂಗಿನ ಗೆರಟೆಯೂ ಇತ್ತು. ಈಗಷ್ಟೇ ನೀರಿನಿಂದ ತೆಗೆದಷ್ಟು ಒದ್ದೆ.

“ಸಾತ್ವಿಕಾಳಿಗೆ ತೆಗೆಯುವ ಅತ್ತೆ. ಆದರೆ ಯಾರೋ ಮಾರಾಯ್ರು ರೇಟು ಏರಿಸ್ತಾನೇ ಇದ್ದಾರೆ!”

“ಬೇಡ ಮಗಾ, ಬಿಟ್ಟುಬಿಡು.”

ಬಿಟ್ಟಳು.

ಇವತ್ತು ಮಧ್ಯಾಹ್ನ ಅದೇ ಏಲಂನಲ್ಲಿ ಮೊಮ್ಮಗಳು ಸಾತ್ವಿಕಾಳ ಬಟ್ಟೆಗೊಂಬೆ ಬಂತು. ನಿನ್ನೆ ನಾನು ಹಾಕಿದ ಕೆಂಪು ಹೊಲಿಗೆ ಕಾಣುತ್ತಿತ್ತು. ಅದೂ ಒದ್ದೆ. ನಮ್ಮ ಗೊಂಬೆ ಮಾತ್ರ ಮಗುವಿನ ಮಡಿಲಲ್ಲಿ ಒಣಗಿಯೇ ಇತ್ತು.

“ಬಿಡಬೇಡ ಮಗಾ, ಕೂಗು!” ಎಂದೆ.

ಏಲಂ ಇನ್ನೂ ಮುಗಿದಿಲ್ಲ. ನಾವು ಏರಿಸಿದಷ್ಟೂ ಆಚೆಯವರು ಏರಿಸುತ್ತಿದ್ದಾರೆ.